ಡೈಯಿಂಗ್ ಘಟಕದ ಉಪ್ಪುನೀರಿಗೆ ಮರುಬಳಕೆಯ ಖನಿಜ: ಲೆಕ್ಕದಿಂದ ಕುಲುಮೆಯವರೆಗೆ ಸಮಗ್ರ ಮಾರ್ಗದರ್ಶಿ

ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ (ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆಯುವ ಬಣ್ಣ) ಹಾಕುವಾಗ ಲೀಟರ್ ನೀರಿಗೆ 40ರಿಂದ 80 ಗ್ರಾಂ ಉಪ್ಪು ಬಳಸುವುದು ವಾಡಿಕೆ. ಬಣ್ಣದ ಬಹುಭಾಗ ನೂಲಿಗೆ ಹಿಡಿಯುತ್ತದೆ, ಉಪ್ಪು ಮಾತ್ರ ಹಾಕಿದಷ್ಟೂ ನೀರಿನೊಂದಿಗೆ ಹೊರಗೆ ಬರುತ್ತದೆ. ಇಟಿಪಿಯಲ್ಲಿ, ಅಂದರೆ ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ, ಸುಣ್ಣ, ಪಟಿಕ, ಗಾಳಿ ತುಂಬುವ ತೊಟ್ಟಿ, ಮರಳಿನ ಫಿಲ್ಟರ್ ಎಲ್ಲವನ್ನೂ ದಾಟಿದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿರುವ ಉಪ್ಪು ಇದ್ದ ಹಾಗೇ ಇರುತ್ತದೆ, ಏಕೆಂದರೆ ಕರಗಿದ ಸೋಡಿಯಂ ಮತ್ತು ಕ್ಲೋರೈಡ್ ಪಟಿಕ ಹಾಕಿದರೂ ತಳಕ್ಕೆ ಕೂರುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ಆಹಾರವೂ ಆಗುವುದಿಲ್ಲ. ಆ ನೀರು ಹರಿದು ಹೋಗುವುದು ಎಲ್ಲಿಗೆ ಎಂಬುದು ದಾವಣಗೆರೆಯಲ್ಲಿ ಚಿಕ್ಕ ಪ್ರಶ್ನೆಯಲ್ಲ. ಸುತ್ತಲೂ ಭದ್ರಾ ನಾಲೆಯ ಅಚ್ಚುಕಟ್ಟು, ಬಹಳ ಕಡೆ ಎರೆ ಮಣ್ಣು. ಎರೆ ಮಣ್ಣಿಗೆ ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ, ಒಣಗಿದಾಗ ನೆಲ ಗಟ್ಟಿ ಹೆಂಟೆಯಾಗುತ್ತದೆ. ಹೀಗೆ ಕೆಟ್ಟ ಹೊಲವನ್ನು ಮತ್ತೆ ಹದಕ್ಕೆ ತರಲು ಜಿಪ್ಸಂ ಹಾಕಿ ವರ್ಷಗಟ್ಟಲೆ ದುಡಿಯಬೇಕು. ಕಾನೂನಿನ ಮಿತಿಯೂ ಇದೆ: ಹೊರಬಿಡುವ ನೀರಿನಲ್ಲಿ ಕರಗಿದ ಅಜೈವಿಕ ಲವಣ ಲೀಟರಿಗೆ 2100 ಮಿಲಿಗ್ರಾಂ ಮೀರಬಾರದು.

ಈ ಬರಹ ಹೈಡ್ರೋಟಾಲ್ಸೈಟ್ ಎಂಬ ಖನಿಜವನ್ನು ಸುಟ್ಟು, ಅದರಿಂದ ಕ್ಲೋರೈಡ್ ಹೀರಿಸಿ, ತೊಳೆದು, ಮತ್ತೆ ಸುಟ್ಟು, ಮತ್ತೆ ಬಳಸುವ ಕ್ರಮವನ್ನು ವಿವರಿಸುತ್ತದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನ ಎಲ್ಲ ಹಂತಗಳೂ ಅದರ ಮೇಲೆ ನಿಂತಿವೆ. ಈ ಖನಿಜ ಉಪ್ಪನ್ನು ಇಲ್ಲವಾಗಿಸುವುದಿಲ್ಲ. ತೆಳುವಾದ ಉಪ್ಪುನೀರನ್ನು ಅದು ತೆಳುವಾದ ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್) ನೀರನ್ನಾಗಿ ಮಾಡುತ್ತದೆ. ಖನಿಜವನ್ನು ತೊಳೆಯುವಾಗ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಖರ್ಚಾಗಿ, ಅದೇ ಉಪ್ಪು ಮಂದ, ಅಂದರೆ ಗಾಢ ದ್ರಾವಣವಾಗಿ ಕೈಗೆ ಬರುತ್ತದೆ. ಕಾಸ್ಟಿಕ್, ಸೋಡಾ ಆಶ್ ಮತ್ತು ಉಪ್ಪು ಮೂರನ್ನೂ ದಿನವೂ ಬಳಸುವ ಕಾರ್ಖಾನೆಗೆ ಮಾತ್ರ ಈ ವ್ಯವಹಾರ ಹೊಂದುತ್ತದೆ, ಮತ್ತು ಡೈಯಿಂಗ್ ಘಟಕ ಅಂಥ ಕಾರ್ಖಾನೆ. ಬಾಯ್ಲರ್‌ಗೆ ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಇಟ್ಟುಕೊಂಡು ವಾರಕ್ಕೊಮ್ಮೆ ಉಪ್ಪುನೀರು ಹೊರಹಾಕುವ ಅಕ್ಕಿ ಗಿರಣಿಗೆ ಕಾಸ್ಟಿಕ್ ನೀರಿನಿಂದ ಏನೂ ಪ್ರಯೋಜನವಿಲ್ಲ. ಅವರು ಈ ದಾರಿಗೆ ಬರದಿರುವುದೇ ಒಳ್ಳೆಯದು.

ಖನಿಜ ಕೆಲಸ ಮಾಡುವ ಬಗೆ

ಹೈಡ್ರೋಟಾಲ್ಸೈಟ್ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ಗಳ ತೆಳ್ಳನೆಯ ಪದರಗಳಿಂದಾದ ಬಿಳಿ ಪುಡಿ. ಪದರಗಳ ಮೇಲೆ ಧನ ವಿದ್ಯುದಂಶವಿರುವುದರಿಂದ ಅವುಗಳ ನಡುವೆ ಕಾರ್ಬೊನೇಟ್ ಮತ್ತು ನೀರು ಸೇರಿಕೊಂಡಿರುತ್ತವೆ. 450ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ನೀರೂ ಇಂಗಾಲದ ಡೈಆಕ್ಸೈಡೂ ಹಾರಿಹೋಗಿ, ಪದರಗಳು ಕುಸಿದು, ಮಿಶ್ರ ಆಕ್ಸೈಡ್ ಉಳಿಯುತ್ತದೆ. ಇದನ್ನು ಉಪ್ಪುನೀರಿಗೆ ಹಾಕಿದರೆ ಪದರಗಳು ನೀರು ಕುಡಿದು ಮತ್ತೆ ಕಟ್ಟಿಕೊಳ್ಳುತ್ತವೆ. ಕಾರ್ಬೊನೇಟ್ ಸಿಗದಿದ್ದಾಗ ನಡುವಿನ ಜಾಗಕ್ಕೆ ನೀರಿನಲ್ಲಿರುವ ಕ್ಲೋರೈಡನ್ನೇ ಎಳೆದುಕೊಳ್ಳುತ್ತವೆ. ಒಳಗೆ ಹೋದ ಪ್ರತಿಯೊಂದು ಕ್ಲೋರೈಡ್ ಅಯಾನಿಗೆ ಬದಲಾಗಿ ಒಂದು ಹೈಡ್ರಾಕ್ಸೈಡ್ ಅಯಾನು ನೀರಿಗೆ ಬರುವುದರಿಂದ, ಸೋಡಿಯಂ ಕ್ಲೋರೈಡ್ ಇದ್ದ ಕಡೆ ಸೋಡಿಯಂ ಹೈಡ್ರಾಕ್ಸೈಡ್ ಉಂಟಾಗುತ್ತದೆ.

ಮೆಗ್ನೀಸಿಯಂ ಮೂರು ಪಾಲು, ಅಲ್ಯೂಮಿನಿಯಂ ಒಂದು ಪಾಲು ಇರುವ ಖನಿಜವಾದರೆ ಸುಟ್ಟ ಪುಡಿಯ ಒಂದು ಗ್ರಾಂ ಲೆಕ್ಕದ ಪ್ರಕಾರ ಹೆಚ್ಚೆಂದರೆ ಸುಮಾರು 206 ಮಿಲಿಗ್ರಾಂ ಕ್ಲೋರೈಡ್ ಹಿಡಿಯಬಲ್ಲದು. ಎರಡಕ್ಕೆ ಒಂದು ಪಾಲಾದರೆ ಈ ಮಿತಿ 269 ಮಿಲಿಗ್ರಾಂ. ಕೆಲಸದ ನೀರಿನಲ್ಲಿ ಇಷ್ಟು ಸಿಗುವುದಿಲ್ಲ. ಅರ್ಧದಷ್ಟು ಸಿಗುತ್ತದೆಂದು ಭಾವಿಸಿ ಯೋಜನೆ ಹಾಕುವುದು ಸುರಕ್ಷಿತ. ಈ ಬರಹದುದ್ದಕ್ಕೂ ಗ್ರಾಂಗೆ 100 ಮಿಲಿಗ್ರಾಂ ಎಂದು ಹಿಡಿದಿದ್ದೇನೆ. ನಿಮ್ಮ ನೀರಿನ ನಿಜವಾದ ಅಂಕಿಯನ್ನು ಜಾರ್ ಪರೀಕ್ಷೆ ಹೇಳುತ್ತದೆ.

ಮೊದಲ ಹಂತ: ನೀರನ್ನು ಬೇರ್ಪಡಿಸುವುದು

ಬಣ್ಣದ ತೊಟ್ಟಿಯಿಂದ ಮೊದಲು ಹೊರಬರುವ ನೀರನ್ನೂ ಆಮೇಲಿನ ತೊಳೆ ನೀರನ್ನೂ ಒಂದೇ ಚರಂಡಿಗೆ ಬಿಡುವ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು. ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಮೊದಲ ನೀರಿನಲ್ಲಿ ಲೀಟರಿಗೆ 50 ಗ್ರಾಂ ಉಪ್ಪಿದ್ದರೆ ಒಂದು ಸಾವಿರ ಲೀಟರಿನಲ್ಲಿ 50 ಕಿಲೋ ಉಪ್ಪು, ಅಂದರೆ 30 ಕಿಲೋ ಕ್ಲೋರೈಡ್ ಇರುತ್ತದೆ. ಇದನ್ನು ಹೀರಲು 300 ಕಿಲೋ ಸುಟ್ಟ ಖನಿಜ ಬೇಕು, ಅಷ್ಟನ್ನೂ ಮತ್ತೆ ತೊಳೆದು ಸುಡಬೇಕು. ಯಾವ ದೃಷ್ಟಿಯಿಂದಲೂ ಇದು ಕೂಡಿಬರುವ ಕೆಲಸವಲ್ಲ. ಮಂದ ಉಪ್ಪುನೀರಿಗೆ ನ್ಯಾನೋ ಫಿಲ್ಟರ್‌ನಿಂದ ಬಣ್ಣ ತೆಗೆದು ಮುಂದಿನ ತೊಟ್ಟಿಗೆ ಮರಳಿ ಬಳಸುವುದು ಸರಿಯಾದ ದಾರಿ.

ತೊಳೆ ನೀರಿನ ಮಾತು ಬೇರೆ. ಲೀಟರಿಗೆ 3 ಗ್ರಾಂ ಉಪ್ಪಿನ ಒಂದು ಸಾವಿರ ಲೀಟರ್ ನೀರಿನಲ್ಲಿ ಇರುವುದು 3 ಕಿಲೋ ಉಪ್ಪು, 1.82 ಕಿಲೋ ಕ್ಲೋರೈಡ್. ಅದಕ್ಕೆ ಸುಮಾರು 18 ಕಿಲೋ ಖನಿಜ ಸಾಕು. ಒಂದರಿಂದ ಐದು ಗ್ರಾಂ ಉಪ್ಪಿರುವ ನೀರೇ ಈ ಖನಿಜದ ಕ್ಷೇತ್ರ. ಆದ್ದರಿಂದ ಪ್ರತಿ ಯಂತ್ರದ ಕೆಳಗೆ ಎರಡು ಪೈಪುಗಳನ್ನು ಹಾಕಿಸಿ, ಯಾವ ತೊಳೆತದಿಂದ ಮುಂದಿನ ನೀರು ಎರಡನೆಯ ಪೈಪಿಗೆ ಹೋಗಬೇಕೆಂಬುದನ್ನು ವಾಹಕತೆಯ ಮೀಟರ್ ನೋಡಿ ನಿಗದಿಪಡಿಸಬೇಕು.

ಎರಡನೆಯ ಹಂತ: ಅಡ್ಡಿಗಳನ್ನು ಮೊದಲೇ ತೆಗೆಯುವುದು

ಹೈಡ್ರೋಟಾಲ್ಸೈಟ್‌ಗೆ ಕಾರ್ಬೊನೇಟ್ ಎಂದರೆ ಎಲ್ಲಕ್ಕಿಂತ ಪ್ರೀತಿ, ನಂತರದ ಸ್ಥಾನ ಸಲ್ಫೇಟ್‌ಗೆ, ಕ್ಲೋರೈಡ್ ಬಹಳ ಹಿಂದೆ. ಗ್ಲಾಬರ್ ಉಪ್ಪು (ಸೋಡಿಯಂ ಸಲ್ಫೇಟ್) ಬಳಸುವ ಘಟಕದಲ್ಲಿ ಸಲ್ಫೇಟ್ ತೆಗೆಯುವುದೇ ಉದ್ದೇಶವಾದ್ದರಿಂದ ಅದು ಅಡ್ಡಿಯಾಗದು. ಕಾರ್ಬೊನೇಟ್ ಹಾಗಲ್ಲ. ಬಣ್ಣ ಗಟ್ಟಿಗೊಳಿಸಲು ಹಾಕಿದ ಸೋಡಾ ಆಶ್ ತೊಳೆ ನೀರಿನಲ್ಲಿ ಉಳಿದಿರುತ್ತದೆ, ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಸಹಜವಾಗಿಯೇ ಹೆಚ್ಚು. ಇವೆರಡನ್ನೂ ಹಾಗೇ ಬಿಟ್ಟರೆ ಕ್ಲೋರೈಡ್ ಹಿಡಿಯಬೇಕಾದ ಜಾಗವನ್ನೆಲ್ಲ ಅವೇ ತುಂಬಿಬಿಡುತ್ತವೆ. ತಿಳಿ ಸುಣ್ಣದ ಹಾಲು ಹಾಕಿ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಕೂರಿಸಿ, ಮೇಲಿನ ನೀರನ್ನು ಮಾತ್ರ ಮುಂದಕ್ಕೆ ತೆಗೆದುಕೊಳ್ಳಬೇಕು. ನೀರು ಕ್ಷಾರೀಯವಾಗುತ್ತದೆಂಬ ಚಿಂತೆ ಬೇಡ, ಮುಂದೆ ಹೇಗೂ ಅದು ಹಾಗೆಯೇ ಆಗಬೇಕು.

ಉಳಿದ ಬಣ್ಣವೂ ಈ ಪುಡಿಗೆ ಹಿಡಿಯುತ್ತದೆ, ಏಕೆಂದರೆ ರಿಯಾಕ್ಟಿವ್ ಬಣ್ಣಗಳ ಅಣುಗಳು ಋಣ ವಿದ್ಯುದಂಶದವು. ಸುಡುವಾಗ ಬಣ್ಣ ಉರಿದುಹೋಗುವುದಾದರೂ ಅದಕ್ಕಾಗಿ ಒಳ್ಳೆಯ ಖನಿಜವನ್ನು ವ್ಯಯ ಮಾಡಬಾರದು. ಮೊದಲು ಪಟಿಕ ಅಥವಾ ಇದ್ದಿಲಿನಿಂದ ಬಣ್ಣ ತೆಗೆಯಿರಿ.

ಮೂರನೆಯ ಹಂತ: ಖನಿಜ ಕೊಳ್ಳುವುದು, ಸುಡುವುದು, ಇಡುವುದು

ಕೃತಕವಾಗಿ ತಯಾರಿಸಿದ ಹೈಡ್ರೋಟಾಲ್ಸೈಟ್ ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಪಿವಿಸಿ ಪೈಪು ತಯಾರಕರಿಗಾಗಿ. ಪಿವಿಸಿ ಶಾಖಕ್ಕೆ ಕೆಡದಂತೆ ಅದನ್ನು ಬೆರೆಸುತ್ತಾರೆ. ಹೀಗೆ ಬರುವ ಪುಡಿಗೆ ಅನೇಕ ಸಲ ಸ್ಟಿಯರಿಕ್ ಆಮ್ಲದ ಲೇಪವಿರುತ್ತದೆ, ಲೇಪವಿರುವ ಪುಡಿ ನೀರಿನ ಮೇಲೆ ತೇಲುತ್ತದೆಯೇ ಹೊರತು ನೆನೆಯುವುದಿಲ್ಲ. ಲೇಪವಿಲ್ಲದ್ದೇ ಬೇಕೆಂದು ಕೇಳಿ ತರಿಸಿ, ಬಂದ ಚೀಲದಿಂದ ಒಂದು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ನೋಡಬೇಕು. ಅಲ್ಲಾಡಿಸಿದ ಕೂಡಲೇ ಹಾಲಿನಂತೆ ಬೆರೆತರೆ ಸರಿ, ಹೊಟ್ಟಿನಂತೆ ಮೇಲೆ ನಿಂತರೆ ಚೀಲವನ್ನು ವಾಪಸು ಕಳುಹಿಸಬೇಕು.

ಸುಡಲು ಉಷ್ಣತೆ ನಿಯಂತ್ರಿಸಬಹುದಾದ ಕುಲುಮೆಯೇ ಬೇಕು. ಪರೀಕ್ಷೆಯ ಮಟ್ಟದಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದ ಮಫಲ್ ಫರ್ನೇಸ್ ಸಾಕು. ದಾವಣಗೆರೆಯ ಯುಬಿಡಿಟಿ ಕಾಲೇಜು 1951ರಿಂದಲೂ, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರಿಂದಲೂ ಇಲ್ಲಿವೆ. ಇಂಥ ಪರೀಕ್ಷೆಗೆ ಕಾಲೇಜಿನ ನೆರವು ಕೇಳುವುದಕ್ಕೆ ಸಂಕೋಚ ಬೇಡ. ದೊಡ್ಡ ಪ್ರಮಾಣಕ್ಕೆ ಕಬ್ಬಿಣದ ಬಿಡಿಭಾಗಗಳಿಗೆ ಹದ ಕೊಡುವ ವಿದ್ಯುತ್ ಕುಲುಮೆ ಹೊಂದುತ್ತದೆ. ಮಂಡಕ್ಕಿ ಭಟ್ಟಿಯ ಬೆಂಕಿಯಲ್ಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಅಲ್ಲಿ ತಳ ಒಂದು ಕಾವಿಗೆ, ಮೇಲ್ಭಾಗ ಇನ್ನೊಂದು ಕಾವಿಗೆ ಬರುತ್ತದೆ, ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ತಣಿಯುತ್ತಿರುವ ಪುಡಿಯನ್ನೇ ಸೇರುತ್ತದೆ; ಆದ್ದರಿಂದ ಬೇಡ.

ಪುಡಿಯನ್ನು ಉಕ್ಕಿನ ತಟ್ಟೆಗಳಲ್ಲಿ ಎರಡು ಮೂರು ಸೆಂಟಿಮೀಟರಿಗಿಂತ ದಪ್ಪವಾಗದಂತೆ ಹರಡಿ, ನಿಧಾನವಾಗಿ ಕಾವು ಏರಿಸಿ, 450ರಿಂದ 500 ಡಿಗ್ರಿಯಲ್ಲಿ ಮೂರು ನಾಲ್ಕು ತಾಸು ಇಡಬೇಕು. ಇದಕ್ಕಿಂತ ಬಹಳ ಮೇಲೆ ಹೋದರೆ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಸೇರಿ ಸ್ಪಿನೆಲ್ ಎಂಬ ಬೇರೆ ಖನಿಜವಾಗತೊಡಗುತ್ತವೆ, ಅದು ನೀರಿಗೆ ಹಾಕಿದರೂ ಮತ್ತೆ ಪದರ ಕಟ್ಟುವುದಿಲ್ಲ. ಸರಿಯಾಗಿ ಸುಟ್ಟಿದೆಯೇ ಎಂದು ತಿಳಿಯಲು ತಕ್ಕಡಿಯೇ ಸಾಕು: ಚೆನ್ನಾಗಿ ಒಣಗಿದ 100 ಕಿಲೋ ಖನಿಜ ಸುಟ್ಟ ಮೇಲೆ ಸುಮಾರು 57 ಕಿಲೋ ಆಗಬೇಕು. 65 ಕಿಲೋ ಉಳಿದಿದೆಯೆಂದರೆ ಕಾರ್ಬೊನೇಟ್ ಪೂರ್ತಿ ಹೋಗಿಲ್ಲವೆಂದೇ ಅರ್ಥ, ಮತ್ತೊಮ್ಮೆ ಕುಲುಮೆಗೆ ಹಾಕಬೇಕು. ಸುಟ್ಟ ಪುಡಿ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಂಡು ತಾನಾಗಿ ಹಳೆಯ ರೂಪಕ್ಕೆ ಮರಳುವುದರಿಂದ, ಕೈಗೆ ತಾಳುವಷ್ಟು ಆರಿದ ಕೂಡಲೇ ದಪ್ಪ ಪಾಲಿಥೀನ್ ಹಾಸಿದ ಡ್ರಮ್ಮಿಗೆ ತುಂಬಿ ಬಿಗಿಯಾಗಿ ಮುಚ್ಚಬೇಕು.

ನಾಲ್ಕನೆಯ ಹಂತ: ಜಾರ್ ಪರೀಕ್ಷೆ

ಒಂದೊಂದು ಲೀಟರ್ ನೀರಿನ ಐದು ಜಾಡಿಗಳಿಗೆ 5, 10, 15, 20 ಮತ್ತು 25 ಗ್ರಾಂ ಸುಟ್ಟ ಪುಡಿ ಹಾಕಿ, ಮುಚ್ಚಳ ಮುಚ್ಚಿ, ನಾಲ್ಕರಿಂದ ಆರು ತಾಸು ಕಲಕುತ್ತಿರಬೇಕು. ಮುಚ್ಚಳ ಅಗತ್ಯ, ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರ ನೀರಿಗೆ ಸೇರಿ ಕಾರ್ಬೊನೇಟ್ ಆಗುತ್ತದೆ. ಕಲಕಿದ ಮೇಲೆ ಸೋಸಿ, ಉಳಿದ ಕ್ಲೋರೈಡನ್ನು ಅಳೆಯಬೇಕು.

ಇಲ್ಲಿ ಬಹಳ ಜನ ಎಡವುವುದು ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಹಿಡಿದು. ಕ್ಲೋರೈಡ್ ಅರ್ಧಕ್ಕಿಳಿದ ನೀರಿಗೆ ಮೀಟರ್ ಅದ್ದಿದರೆ ಅಂಕಿ ಮೊದಲಿಗಿಂತ ಮೇಲೇರಿರುತ್ತದೆ. ಖನಿಜ ಕೆಲಸ ಮಾಡಲಿಲ್ಲವೆಂದು ಅಲ್ಲಿಗೇ ಕೈಬಿಡುವವರುಂಟು. ಮೀಟರ್ ಅಳೆಯುವುದು ವಿದ್ಯುತ್ ವಾಹಕತೆಯನ್ನು. ಹೈಡ್ರಾಕ್ಸೈಡ್ ಅಯಾನು ಕ್ಲೋರೈಡಿಗಿಂತ ಎರಡೂವರೆ ಪಟ್ಟು ಚುರುಕಾಗಿ ವಿದ್ಯುತ್ ಸಾಗಿಸುವುದರಿಂದ, ಉಪ್ಪು ಕಾಸ್ಟಿಕ್ ಆದಂತೆಲ್ಲ ವಾಹಕತೆ ಹೆಚ್ಚುತ್ತದೆ. ಹಾಗಾಗಿ ಸಿಲ್ವರ್ ನೈಟ್ರೇಟ್ ಟೈಟ್ರೇಶನ್ನನ್ನೇ ನಂಬಬೇಕು. ಸೋಸಿದ ನೀರಿನ ಪಿಎಚ್ 11 ದಾಟಿರುತ್ತದೆ, ಈ ಪರೀಕ್ಷೆಗೆ ಅದು 7ರಿಂದ 10ರ ನಡುವೆ ಇರಬೇಕು. ತೆಳು ನೈಟ್ರಿಕ್ ಆಮ್ಲ ಹಾಕಿ ಇಳಿಸಿ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ತೆಗೆದ ಕ್ಲೋರೈಡನ್ನು ನಾವೇ ಮರಳಿ ಸೇರಿಸಿದಂತೆ. ಪೊಟ್ಯಾಸಿಯಂ ಕ್ರೋಮೇಟ್‌ನ ನಾಲ್ಕು ಹನಿ ಬಿದ್ದಾಗ ನೀರು ನಿಂಬೆ ಹಳದಿಯಾಗುತ್ತದೆ, ಸಿಲ್ವರ್ ನೈಟ್ರೇಟ್ ಬೀಳುತ್ತಿದ್ದಂತೆ ಬಿಳಿ ಮೋಡ ಕಟ್ಟುತ್ತದೆ. ಹನಿ ಬಿದ್ದ ಜಾಗದಲ್ಲಿ ಮೂಡುವ ಇಟ್ಟಿಗೆ ಬಣ್ಣ ಕಲಕಿದರೂ ಮಾಸದೆ ನಿಂತ ಕ್ಷಣದಲ್ಲಿ ನಿಲ್ಲಿಸಬೇಕು. 0.0141 ನಾರ್ಮಲ್ ದ್ರಾವಣವಾದರೆ ಪ್ರತಿ ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರೈಡ್ ಎಂದು ಎಣಿಸಬೇಕು.

ಉದಾಹರಣೆಗೆ ಲೀಟರಿನಲ್ಲಿ 1820 ಮಿಲಿಗ್ರಾಂ ಇದ್ದ ಕ್ಲೋರೈಡ್ 15 ಗ್ರಾಂ ಪುಡಿಯಿಂದ 320ಕ್ಕೆ ಇಳಿದರೆ, ತೆಗೆದದ್ದು 1500, ಅಂದರೆ ಗ್ರಾಂಗೆ 100 ಮಿಲಿಗ್ರಾಂ. ಐದೂ ಜಾಡಿಗಳ ಲೆಕ್ಕ ಮಾಡಿದಾಗ ಪುಡಿ ಹೆಚ್ಚಿದಂತೆ ಗ್ರಾಂವಾರು ಸಾಮರ್ಥ್ಯ ಕುಗ್ಗುವುದು ಕಾಣುತ್ತದೆ. ಪೂರ್ತಿ ಕ್ಲೋರೈಡ್ ತೆಗೆಯುವ ಹಟ ಬೇಡ, ಕೊನೆಯ ಕೆಲವು ನೂರು ಮಿಲಿಗ್ರಾಂ ತೆಗೆಯಲು ತಗಲುವ ಖನಿಜ ಬಹಳ ದುಬಾರಿ.

ಐದನೆಯ ಹಂತ: ತೊಟ್ಟಿಯಲ್ಲಿ ಹೀರಿಸುವುದು

ಪುಡಿಯನ್ನು ಉಂಡೆ ಕಟ್ಟಿ ಕಾಲಂನಲ್ಲಿ ತುಂಬಿ ನೀರು ಹರಿಸುವುದು ನೋಡಲು ಚೆಂದ, ನಡೆಸಲು ಕಷ್ಟ. ಪದರಗಳು ಮತ್ತೆ ಕಟ್ಟಿಕೊಳ್ಳುವಾಗ ಉಂಡೆ ಉಬ್ಬಿ ಒಡೆಯುತ್ತದೆ, ಪುಡಿಯಾಗಿ ಕಾಲಂ ಕಟ್ಟಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಘಟಕಕ್ಕೆ ಕಲಕುವ ತೊಟ್ಟಿ ಮತ್ತು ಬಟ್ಟೆಯ ಮೂಲಕ ಒತ್ತಿ ಸೋಸುವ ಫಿಲ್ಟರ್ ಪ್ರೆಸ್ಸೇ ಸರಿ. ಚಳ್ಳಕೆರೆಯ ಎಣ್ಣೆ ಗಿರಣಿಗಳ ದೆಸೆಯಿಂದ ಫಿಲ್ಟರ್ ಪ್ರೆಸ್ ನಡೆಸಬಲ್ಲವರು, ಅದರ ಬಟ್ಟೆ ಹೊಲಿಯುವವರು, ರಿಪೇರಿ ಮಾಡುವವರು ಈ ಭಾಗದಲ್ಲಿ ಸಿಗುತ್ತಾರೆ, ಇದು ಸಣ್ಣ ಅನುಕೂಲವಲ್ಲ.

ಮುಚ್ಚಳವಿರುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ತೊಟ್ಟಿಗೆ ನೀರು ತುಂಬಿ, ಕಲಕುತ್ತಲೇ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಕುಲುಮೆಯಿಂದ ತೆಗೆದ ಬಿಸಿ ಪುಡಿಯನ್ನು ಎಂದೂ ನೇರವಾಗಿ ನೀರಿಗೆ ಸುರಿಯಬಾರದು, ಕುದಿದು ಸಿಡಿಯುತ್ತದೆ. ಪುಡಿ ಹಾಕುವವರಿಗೆ ಧೂಳಿನ ಮುಖಗವಸು, ರಬ್ಬರ್ ಕೈಗವಸು ಮತ್ತು ಕಣ್ಣಿನ ಕನ್ನಡಕ ಕಡ್ಡಾಯ. ಈ ನೀರು ಕಣ್ಣಿಗೆ ಬಿದ್ದರೆ ಕಾಸ್ಟಿಕ್ ಬಿದ್ದಷ್ಟೇ ಅಪಾಯ. ತೊಟ್ಟಿಯ ಪಕ್ಕದಲ್ಲೇ ಶುದ್ಧ ನೀರಿನ ನಲ್ಲಿ ಇರಲೇಬೇಕು. ಜಾರ್ ಪರೀಕ್ಷೆಯಲ್ಲಿ ಕಂಡ ಸಮಯದವರೆಗೆ ಕಲಕಿ, ಪ್ರೆಸ್ಸಿಗೆ ಪಂಪ್ ಮಾಡಿ, ಸೋಸಿದ ನೀರನ್ನು ಬೇರೆ ತೊಟ್ಟಿಗೆ ತೆಗೆದುಕೊಳ್ಳಬೇಕು.

ಆರನೆಯ ಹಂತ: ಸೋಸಿದ ನೀರನ್ನು ಬಳಸುವುದು

ಲೀಟರಿಗೆ 3 ಗ್ರಾಂ ಉಪ್ಪೆಲ್ಲ ಬದಲಾದರೆ ಸಿಗುವುದು ಸುಮಾರು 2 ಗ್ರಾಂ ಕಾಸ್ಟಿಕ್ ಸೋಡಾ ಇರುವ ನೀರು. ಕೋರಾ ಬಟ್ಟೆಯ ಮೇಣ ಮತ್ತು ಜಿಡ್ಡು ತೆಗೆಯುವ ಸ್ಕೌರಿಂಗ್‌ಗೆ ಇದನ್ನೇ ಮೂಲ ನೀರಾಗಿ ಬಳಸಿ, ಕಡಿಮೆ ಬಿದ್ದಷ್ಟು ಕಾಸ್ಟಿಕ್ ಸೇರಿಸಿಕೊಳ್ಳಬಹುದು. ಬಾಯ್ಲರ್ ಹೊಗೆಯನ್ನು ತೊಳೆದು ಇದರಲ್ಲಿ ಗುಳ್ಳೆಯಾಡಿಸಿದರೆ ಕಾಸ್ಟಿಕ್ ಸೋಡಾ ಆಶ್ ಆಗುತ್ತದೆ, ಆಗ ಬಣ್ಣ ಗಟ್ಟಿಗೊಳಿಸುವ ತೊಟ್ಟಿಗೂ ಹೊಂದುತ್ತದೆ.

ಇದನ್ನು ಆಮ್ಲದಿಂದ ತಟಸ್ಥಗೊಳಿಸಿ ಹೊರಗೆ ಬಿಡುತ್ತೇನೆಂದರೆ ಇಡೀ ಶ್ರಮ ವ್ಯರ್ಥ. ಹೈಡ್ರೋಕ್ಲೋರಿಕ್ ಆಮ್ಲದಿಂದ ಮತ್ತೆ ಉಪ್ಪು, ಗಂಧಕಾಮ್ಲದಿಂದ ಸೋಡಿಯಂ ಸಲ್ಫೇಟ್ ಆಗುತ್ತದೆ. ಸೋಡಿಯಂ ಇದ್ದಷ್ಟೂ ಇರುತ್ತದೆ. ನೀರನ್ನು ಹೊಲಕ್ಕೆ ಬಿಡಲೇಬೇಕಾದ ಅನಿವಾರ್ಯವಿದ್ದವರು ಜಿಯೋಲೈಟ್ ಕಡೆ ನೋಡಬೇಕು. ಕ್ಯಾಲ್ಸಿಯಂ ತುಂಬಿದ ಕ್ಲಿನೊಪ್ಟಿಲೊಲೈಟ್ ಎಂಬ ಜಿಯೋಲೈಟ್ ಸೋಡಿಯಂ ಹಿಡಿದು ಕ್ಯಾಲ್ಸಿಯಂ ಬಿಡುತ್ತದೆ. ಇದರಿಂದ ಒಟ್ಟು ಲವಣ ಇಳಿಯದು, ಆದರೆ ಮಣ್ಣು ಕೆಡಿಸುವ ಸೋಡಿಯಂ ಅನುಪಾತ ಇಳಿಯುತ್ತದೆ. ಲವಣದ ಮಿತಿಯನ್ನು ಇದು ಪೂರೈಸುವುದಿಲ್ಲ ಎಂಬುದನ್ನು ಮರೆಯಬಾರದು.

ಏಳನೆಯ ಹಂತ: ಖನಿಜದಿಂದ ಉಪ್ಪು ಬಿಡಿಸುವುದು

ಪ್ರೆಸ್ಸಿನಲ್ಲಿ ಉಳಿದ ಕ್ಲೋರೈಡ್ ತುಂಬಿದ ಖನಿಜದ ಹೆಂಟೆಯನ್ನು, ಅಂದರೆ ಕೇಕನ್ನು, ಹಾಗೇ ಕುಲುಮೆಗೆ ಹಾಕಬಾರದು. ಇದನ್ನು ಒತ್ತಿ ಹೇಳುತ್ತಿದ್ದೇನೆ: ಕಾವಿಗೆ ಕ್ಲೋರೈಡ್ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ, ಕೆಲಸಗಾರರ ಶ್ವಾಸಕೋಶಕ್ಕೂ ಕುಲುಮೆಯ ಉಕ್ಕಿಗೂ ಅದು ವಿಷ. ಮೊದಲು ಸೋಡಾ ಆಶ್ ದ್ರಾವಣದಿಂದ ಕ್ಲೋರೈಡನ್ನು ಹೊರದೂಡಿ, ಆ ಜಾಗಕ್ಕೆ ಕಾರ್ಬೊನೇಟ್ ತುಂಬಬೇಕು. ಎರಡನೆಯ ಹಂತದಲ್ಲಿ ನಮಗೆ ಅಡ್ಡಿಯಾಗಿದ್ದ ಕಾರ್ಬೊನೇಟ್‌ನ ಸೆಳೆತವೇ ಇಲ್ಲಿ ನೆರವಿಗೆ ಬರುತ್ತದೆ.

ಪ್ರತಿ ಕಿಲೋ ಕ್ಲೋರೈಡಿಗೆ ಲೆಕ್ಕದ ಪ್ರಕಾರ ಒಂದೂವರೆ ಕಿಲೋ ಸೋಡಾ ಆಶ್ ಬೇಕು, ವಾಸ್ತವದಲ್ಲಿ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಬೇಕು. ಮೇಲೆ ಹೇಳಿದ ಒಂದು ಸಾವಿರ ಲೀಟರಿನ ಉದಾಹರಣೆಯಲ್ಲಿ 18 ಕಿಲೋ ಪುಡಿ 1.82 ಕಿಲೋ ಕ್ಲೋರೈಡ್ ಹಿಡಿದಿದೆ. ಅದಕ್ಕೆ ಸುಮಾರು 4 ಕಿಲೋ ಸೋಡಾ ಆಶನ್ನು 100 ಲೀಟರ್ ಬಿಸಿ ನೀರಿನಲ್ಲಿ ಕರಗಿಸಿ, ಪ್ರೆಸ್ಸಿನೊಳಗಿನ ಕೇಕಿನ ಮೂಲಕವೇ ಎರಡು ಮೂರು ತಾಸು ಸುತ್ತಿಸಬೇಕು. ಪ್ರತಿ ಅರ್ಧ ತಾಸಿಗೆ ದ್ರಾವಣದ ಕ್ಲೋರೈಡ್ ಅಳೆದು, ಅಂಕಿ ಏರುವುದು ನಿಂತಾಗ ನಿಲ್ಲಿಸಬೇಕು. ಕ್ಲೋರೈಡ್ ಪೂರ್ತಿ ಬಿಟ್ಟರೆ ಈ ದ್ರಾವಣದಲ್ಲಿ ಲೀಟರಿಗೆ 30 ಗ್ರಾಂ ಉಪ್ಪು, ಹದಿಮೂರು ಗ್ರಾಂ ಆಸುಪಾಸು ಸೋಡಾ ಆಶ್ ಇರಬೇಕು. ಕೇಕಿನಲ್ಲಿ ನಿಂತ ನೀರು ಸೇರಿ ಇನ್ನಷ್ಟು ತೆಳುವಾಗುತ್ತದೆ.

ಈ ಮಿಶ್ರಣ ರಿಯಾಕ್ಟಿವ್ ಬಣ್ಣದ ತೊಟ್ಟಿಗೆ ಬೇಕಾದ ಪದಾರ್ಥಗಳಿಗೆ ಬಹಳ ಹತ್ತಿರವಿದೆ ಎಂಬುದೇ ಇಡೀ ಕ್ರಮದ ಜೀವಾಳ. ಒಂದು ಎಚ್ಚರಿಕೆ ಮಾತ್ರ ಬೇಕು. ಬಣ್ಣ ಹಾಕುವಾಗ ಮೊದಲು ಉಪ್ಪು, ಬಣ್ಣ ನೂಲಿನ ಮೇಲೆ ಸಮವಾಗಿ ಕೂತ ಮೇಲೆ ಸೋಡಾ ಸೇರಿಸುವುದು ಕ್ರಮ. ಎರಡೂ ಒಟ್ಟಿಗೆ ಮೊದಲೇ ಸೇರಿದರೆ ಬಣ್ಣ ತೇಪೆತೇಪೆಯಾಗಬಹುದು. ಆದ್ದರಿಂದ ಇದನ್ನು ಬಣ್ಣ ಹಾಕುವಾಗ ಸೋಡಾ ಸೇರಿಸುವ ಹೊತ್ತಿನ ದ್ರಾವಣವಾಗಿ ಇಟ್ಟುಕೊಂಡು, ಕಪ್ಪು, ಕಡು ನೀಲಿಯಂಥ ಬಣ್ಣಗಳ ಮಾದರಿ ತುಣುಕುಗಳಲ್ಲಿ ಮೊದಲು ಪರೀಕ್ಷಿಸಿ, ಡೈಯಿಂಗ್ ಮಾಸ್ಟರ್ ಒಪ್ಪಿದ ನಂತರವೇ ದೊಡ್ಡ ತೊಟ್ಟಿಗೆ ಹಾಕಬೇಕು. ಬಳಕೆಗೆ ಬಾರದೆ ಉಳಿದದ್ದನ್ನು ತಳಕ್ಕೆ ಎಚ್‌ಡಿಪಿಇ ಹಾಳೆ ಹಾಸಿದ ಬಿಸಿಲು ತೊಟ್ಟಿಯಲ್ಲಿ ಆರಿಸಬಹುದು. ಚಿತ್ರದುರ್ಗ ಸೀಮೆಯ ಬಿಸಿಲು ಮತ್ತು ಗಾಳಿ ಇದಕ್ಕೆ ಹೇಳಿ ಮಾಡಿಸಿದಂತಿವೆ, ಆದರೆ ಹಾಳೆ ಹಾಸದ ಗುಂಡಿಗೆ ಒಂದು ಬಿಂದಿಗೆಯನ್ನೂ ಸುರಿಯಬಾರದು.

ಎಂಟನೆಯ ಹಂತ: ಮತ್ತೆ ಸುಡುವುದು, ಲೆಕ್ಕ ಬರೆಯುವುದು

ಕೇಕನ್ನು ಸ್ವಲ್ಪ ಶುದ್ಧ ನೀರಿನಲ್ಲಿ ತೊಳೆದು, ತೊಳೆದ ನೀರನ್ನು ಮುಂದಿನ ಸೋಡಾ ದ್ರಾವಣಕ್ಕೆ ಬಳಸಿ, ಕೇಕನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಹಸಿಯಾಗಿ ಕುಲುಮೆಗೆ ಹಾಕಿದರೆ ನೀರು ಆವಿ ಮಾಡಲೆಂದೇ ಕರೆಂಟು ಸುಡುತ್ತದೆ. ಒಣಗಿಸುವ ಕಟ್ಟೆಗೆ ಮಾಡಿದ ಖರ್ಚು ಬೇಗ ಹುಟ್ಟುತ್ತದೆ. ಆಮೇಲೆ ಮೂರನೆಯ ಹಂತದಂತೆಯೇ ಸುಟ್ಟು ಡ್ರಮ್ಮಿಗೆ ತುಂಬಬೇಕು.

ಪ್ರತಿ ಸುತ್ತಿಗೂ ಒಂದು ಪುಟ ಬರೆದಿಡಿ: ಹಾಕಿದ ಪುಡಿಯ ತೂಕ, ನೀರಿನ ಪ್ರಮಾಣ, ಮೊದಲ ಮತ್ತು ಕೊನೆಯ ಕ್ಲೋರೈಡ್, ಖರ್ಚಾದ ಸೋಡಾ ಆಶ್, ಕುಲುಮೆಯ ವಿದ್ಯುತ್ ಮೀಟರಿನ ಅಂಕಿ, ಹಾಗೆಯೇ ಸ್ಕೌರಿಂಗ್‌ನಲ್ಲಿ ಉಳಿದ ಕಾಸ್ಟಿಕ್ ಮತ್ತು ಬಣ್ಣದ ತೊಟ್ಟಿಯಲ್ಲಿ ಉಳಿದ ಉಪ್ಪು. ಒಂದು ಕಿಲೋ ಉಪ್ಪು ತೆಗೆದಾಗ ಸುಮಾರು 680 ಗ್ರಾಂ ಕಾಸ್ಟಿಕ್ ಹುಟ್ಟುತ್ತದೆ, 900 ಗ್ರಾಂ ಸೋಡಾ ಆಶ್ ಕನಿಷ್ಠ ಖರ್ಚಾಗುತ್ತದೆ. ಮೂರರ ಅಂದಿನ ಧಾರಣೆ ಹಾಕಿ, ಕರೆಂಟು ಕೂಲಿ ಸೇರಿಸಿದರೆ ಲಾಭ ನಷ್ಟ ಅದೇ ಪುಟದಲ್ಲಿ ಕಾಣುತ್ತದೆ. ನೀರನ್ನು ಟ್ಯಾಂಕರಿನಿಂದ ಕೊಳ್ಳುವ ಘಟಕ ಮರಳಿ ಸಿಕ್ಕ ನೀರಿನ ಬೆಲೆಯನ್ನೂ ಸೇರಿಸಬೇಕು. ಬೇಸಿಗೆಯಲ್ಲಿ ತಕ್ಕಡಿಯನ್ನು ಈ ಕಡೆಗೆ ಬಾಗಿಸುವುದು ಅದೇ.

ಸುತ್ತು ಕಳೆದಂತೆ ಗ್ರಾಂವಾರು ಸಾಮರ್ಥ್ಯ ಇಳಿಯುತ್ತದೆ, ಪ್ರತಿ ಸಲ ಸ್ವಲ್ಪ ಪುಡಿಯೂ ಬಟ್ಟೆಯಲ್ಲಿ, ತೊಳೆತದಲ್ಲಿ ಹೋಗುತ್ತದೆ. ಅಷ್ಟಷ್ಟು ಹೊಸ ಪುಡಿ ಬೆರೆಸುತ್ತ ಬಂದು, ಮೊದಲ ಸುತ್ತಿನ ಅರ್ಧಕ್ಕೆ ಇಳಿದಾಗ ಹಳೆಯದನ್ನು ಈ ಕೆಲಸದಿಂದ ಬಿಡಿಸಬೇಕು. ಅದನ್ನು ಕೊನೆಯ ಸಲ ಸುಟ್ಟು ಎರಡನೆಯ ಹಂತದಲ್ಲಿ ಬಣ್ಣ ಹೀರಲು ಬಳಸಬಹುದು, ಆ ಕೆಲಸಕ್ಕೆ ಉಳಿದ ಕಸುವು ಸಾಕಾಗುತ್ತದೆ. ಬಣ್ಣ ಹೀರಿದ ಮೇಲೆ ಅದು ಇಟಿಪಿ ಕೆಸರಿನ ಸಾಲಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಮೂಟೆ ಕಟ್ಟಿ, ಚೀಟಿ ಅಂಟಿಸಿ, ಮಳೆ ತಾಗದ ಕಡೆ ಇಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ವಿಲೇವಾರಿ ಸಂಸ್ಥೆಗೇ ಒಪ್ಪಿಸಬೇಕು.